ಭಾತಂಬ್ರಾದ ಬೂಷ್ಟು ಪರ್ತ್‌ಗೆ ಹೋದದ್ದು

ಮೈಲೂರ

ಆಸ್ಟ್ರೇಲಿಯಾಕ್ಕೆ ನನಗಿಂತ ಮೊದಲು ಹೋದದ್ದು ನಾನು ಸಾಕಿದ ಬೂಷ್ಟು. ಅದಕ್ಕೆ ಪರವಾನಗಿ ಸಿಕ್ಕು ಎಷ್ಟೋ ದಿನಗಳಾದ ಮೇಲೆ ನನಗೆ ವೀಸಾ ಬಂತು. ಗಾಜಿನ ಕೊಳವೆಯಲ್ಲಿ ಮಲಗಿ, ಮುಚ್ಚಳದ ಮೇಲೆ ಮುದ್ರೆ ಒತ್ತಿಸಿಕೊಂಡು, ಯಾರಿಗೂ ನಮಸ್ಕಾರ ಹೇಳದೆ ಅದು ಪರ್ತ್ ನಗರ ಸೇರಿಬಿಟ್ಟಿತ್ತು. ನಾನು ಮಾತ್ರ ಬೀದರಿನ ಮೈಲೂರದ ಮನೆಯಲ್ಲಿ ಸೂಟ್‌ಕೇಸು ತೆರೆದು ಮುಚ್ಚುತ್ತ ಕೂತಿದ್ದೆ.

ನಾನು ಬೀದರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತೇನೆ. ತವರು ಭಾಲ್ಕಿ ತಾಲೂಕಿನ ಭಾತಂಬ್ರಾ. ಅಪ್ಪ ಕಾಶಪ್ಪ ಈಗಲೂ ಕುರಿ ಕಾಯುತ್ತಾನೆ. ಅವನ ಕುರಿಹಟ್ಟಿಯ ಮಣ್ಣಿನಿಂದಲೇ ನಾನು ಆ ಬೂಷ್ಟನ್ನು ಬೇರ್ಪಡಿಸಿದ್ದು. ಕಪ್ಪಗೆ, ದಪ್ಪಗೆ, ಮೊಂಡಾಗಿ ಬೆಳೆಯುತ್ತಿದ್ದುದರಿಂದ ಅದಕ್ಕೆ ಕರೆವ್ವ ಎಂದು ಹೆಸರಿಟ್ಟಿದ್ದೆ. ಕರೆವ್ವ ತನ್ನ ಮೈಯಿಂದ ಹುಳಿ ಒಸರಿಸಿ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿರುವ ರಂಜಕವನ್ನು ಕರಗಿಸಿ ತಿನ್ನುತ್ತಾಳೆ. ತೊಗರಿ ಬೆಳೆಗೆ ಇದರಿಂದ ಲಾಭ. ಆದರೆ ರಂಜಕ ಇರುವುದು ಹೊಲದಲ್ಲಷ್ಟೇ ಅಲ್ಲ. ಕಡಲತೀರಗಳಲ್ಲಿ ಮೊನಜೈಟ್ ಎಂಬ ಭಾರದ ಮರಳು ಸಿಗುತ್ತದೆ. ಅದರಲ್ಲಿ ರಂಜಕವು ಬಲು ಬೆಲೆಯ ವಿರಳ ಲೋಹಗಳನ್ನು ತಬ್ಬಿಕೊಂಡು ಕೂತಿರುತ್ತದೆ. ನಿಮ್ಮ ಫೋನಿನ ಸ್ಪೀಕರ್, ಗಾಳಿಯಂತ್ರದ ಆಯಸ್ಕಾಂತ, ಎಲ್ಲಕ್ಕೂ ಆ ಲೋಹಗಳೇ ಬೇಕು. ತೊಂದರೆ ಏನೆಂದರೆ ಅದೇ ಮರಳಿನಲ್ಲಿ ವಿಕಿರಣ ಸೂಸುವ ಥೋರಿಯಂ ಕೂಡ ಇದೆ. ಕಾರ್ಖಾನೆಗಳು ಆ ಮರಳನ್ನು ಉಗ್ರ ರಾಸಾಯನಿಕಗಳಲ್ಲಿ ಬೇಯಿಸಿದಾಗ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಹೊರಬರುತ್ತವೆ. ಬೂಷ್ಟಿನ ಕೈಲಿ ಈ ಕೆಲಸವನ್ನು ತಣ್ಣಗೆ, ನಿಧಾನವಾಗಿ ಮಾಡಿಸಬಹುದೇ ಎಂದು ಪರ್ತ್‌ನ ಒಂದು ಪ್ರಯೋಗಾಲಯ ಹುಡುಕುತ್ತಿತ್ತು. ನನ್ನ ಬಳಿ ಒಂದು ಬೂಷ್ಟಿದೆ ಎಂದು ಬರೆದೆ. ಕಳಿಸಿ, ಕೆಲವು ತಿಂಗಳು ನೀವೂ ಬನ್ನಿ ಎಂದರು.

ಸುದ್ದಿ ಊರಲ್ಲಿ ಹರಡಿದ ಬಗೆಯೇ ಬೇರೆ. ಅಪ್ಪ ಭಾತಂಬ್ರಾದ ಕಟ್ಟೆಯ ಮೇಲೆ ಕೂತು, "ನನ್ನ ಮಗಳು ಕುರಿ ಹಿಕ್ಕಿ ತಗೊಂಡು ಪರದೇಶಕ್ಕ ಹೊಂಟಾಳ. ಅವರ ಕಡಿ ಹಿಕ್ಕಿ ಛಲೋ ಇಲ್ಲಂತ" ಎಂದು ಡಂಗುರ ಹೊಡೆದಿದ್ದ. ಚಿದ್ರಿಯಿಂದ ಬಂದ ನನ್ನ ಗೆಳತಿ ಶೈಲಜಾ ದನಿ ತಗ್ಗಿಸಿ, "ಕಿರಣದ ಕೆಲಸ ಅಂತಲ್ಲ, ಕೂದಲ ಪೂರಾ ಉದುರ್ತಾವಂತ, ಜರಾ ಹುಷಾರು" ಎಂದಳು. ಅದೇ ಉಸಿರಿನಲ್ಲಿ, ಬರುವಾಗ ಅಲ್ಲಿನ ಒಂದು ಶಾಂಪೂ ತಂದುಕೊಡು ಎಂದೂ ಸೇರಿಸಿದಳು.

ಪರ್ತ್ ವಿಮಾನ ನಿಲ್ದಾಣ

ಆಸ್ಟ್ರೇಲಿಯಾದವರಿಗೆ ಕಳ್ಳರಿಗಿಂತ ಮಣ್ಣಿನ ಭಯ ಜಾಸ್ತಿ. ಹೊರಗಿನ ಬೀಜ, ಹುಳು, ಕೆಸರು ಒಳಬರದಂತೆ ಚಪ್ಪಲಿಯ ಅಡಿಯನ್ನೂ ಮೂಸಿ ನೋಡುತ್ತಾರೆ. ಇದು ನನಗೆ ಗೊತ್ತಿತ್ತು, ಎಲ್ಲವನ್ನೂ ತೊಳೆದು ಒಣಗಿಸಿದ್ದೆ. ಆದರೆ ಹೊರಡುವ ಮುಂಚೆ ಅಪ್ಪ ಒಂದು ಕಂಬಳಿ ತಂದು ತುರುಕಿದ್ದ. "ಅಲ್ಲಿ ಥಂಡಿ ಇರ್ತದ. ಹೊದ್ಕೊಂಡು ಮಲ್ಕೊ" ಎಂದಿದ್ದ. ಬೇಡವೆಂದರೆ ಮುಖ ಸಣ್ಣದು ಮಾಡುತ್ತಾನೆಂದು ಸುಮ್ಮನಿದ್ದೆ.

ಒಂದು ಸಣ್ಣ ನಾಯಿ ಬಂದು ನನ್ನ ಸೂಟ್‌ಕೇಸಿನ ಮುಂದೆ ಶಿಸ್ತಾಗಿ ಕೂತಿತು. ಅದು ಕೂತರೆ ಏನೋ ಸಿಕ್ಕಿದೆ ಎಂದರ್ಥವಂತೆ. ಕೈಗವಸು ತೊಟ್ಟ ಅಧಿಕಾರಿ ಕಂಬಳಿ ಬಿಡಿಸಿದ. ಮಡಿಕೆಯಿಂದ ಒಣಗಿದ ಕರಿಯ ಉಂಡೆಯೊಂದು ಮೇಜಿನ ಮೇಲೆ ಉರುಳಿತು. ಅವನು ಚಿಮುಟದಲ್ಲಿ ಅದನ್ನು ಎತ್ತಿ, ಮುತ್ತು ಪರೀಕ್ಷಿಸುವವನಂತೆ ಬೆಳಕಿಗೆ ಹಿಡಿದ.

"ಇದೇನು?"

"ಕುರಿಯ ಹಿಕ್ಕೆ."

"ಯಾರ ಕುರಿ?"

"ನಮ್ಮ ಅಪ್ಪನದು."

"ಕುರಿ ಆರೋಗ್ಯವಾಗಿದೆಯೇ?"

"ನಾನು ಹೊರಡುವಾಗ ಆರಾಮಾಗಿತ್ತು" ಎಂದೆ. ಅವನು ನಗಲಿಲ್ಲ. ವಿಮಾನದಲ್ಲಿ ಕೊಟ್ಟ ಫಾರಮಿನಲ್ಲಿ ನಾನೇ ಕಂಬಳಿಯ ವಿಷಯ ಬರೆದಿದ್ದರಿಂದ ಶಿಕ್ಷೆ ಇಲ್ಲವೆಂದೂ, ಆದರೆ ಕಂಬಳಿಯನ್ನು ಸುಡಬೇಕು ಇಲ್ಲವೇ ಗಾಮಾ ಕಿರಣ ಹಾಯಿಸಿ ಶುದ್ಧಿ ಮಾಡಬೇಕೆಂದೂ ಹೇಳಿದ. ಕಿರಣವನ್ನೇ ಆರಿಸಿಕೊಂಡೆ.

ಹೊರಗೆ ಬಂದು ಗಂಡ ಮಲ್ಲಿಕಾರ್ಜುನನಿಗೆ ಫೋನು ಮಾಡಿದೆ. ಅವನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ತಮಾಷೆ ಸಿಕ್ಕರೆ ಬಿಡುವವನಲ್ಲ. "ನೀ ಇನ್ನಾ ಲ್ಯಾಬಿನ ಬಾಗಲಾ ನೋಡಿಲ್ಲ, ಕಂಬಳಿಗಿ ಆಗಲೇ ಕಿರಣ ಬಡೀತಲ್ಲ! ಅದರ ಕೂದಲ ಉದುರ್ತಾವೇನ್ ನೋಡು" ಎಂದ.

ಮಾರ್ಗರೆಟ್‌ಳ ಬಳಿ

ಪ್ರಯೋಗಾಲಯದ ಮುಖ್ಯಸ್ಥೆ ಮಾರ್ಗರೆಟ್ ಉದ್ದನೆಯ, ಒಣಕಲು ಮೈಕಟ್ಟಿನ ಹಿರಿಯ ಹೆಂಗಸು. ಬಿಸಿಲಿನಲ್ಲಿ ಬಾಳಿದ ಮುಖ. ನನ್ನನ್ನು ತನ್ನ ಮನೆಯ ಹಿಂದಿನ ಕೋಣೆಯಲ್ಲೇ ಇರಿಸಿಕೊಂಡಳು. ಮೊದಲ ಸಂಜೆ ತರಕಾರಿ ತರಲು ದೊಡ್ಡ ಅಂಗಡಿಗೆ ಕರೆದೊಯ್ದಳು. ನೋಡಿದರೆ ನನ್ನ ಮುಂದೆ ಹೋಗುತ್ತಿದ್ದ ಗಂಡಸು ಬರಿಗಾಲು, ಅವನ ಹಿಂದಿನ ಹೆಂಗಸೂ ಬರಿಗಾಲು. ಒಳಗೆ ಯಾವುದೋ ದೇವರಿರಬೇಕು, ಅಥವಾ ಕಡೆಪಕ್ಷ ಬಹಳ ಶುದ್ಧವಾದ ನೆಲವಿರಬೇಕು ಎಂದುಕೊಂಡು ನಾನೂ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಬೀದರಿನಲ್ಲಿ ಗುಡಿಯಿರಲಿ ದರ್ಗಾ ಇರಲಿ, ಚಪ್ಪಲಿ ಬಿಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಟೊಮೆಟೊ ಹಿಡಿದು ಹೊರಬಂದರೆ ಚಪ್ಪಲಿ ಮಾಯ. ವಾರಸುದಾರರಿಲ್ಲದ ವಸ್ತುವೆಂದು ಕಾವಲುಗಾರ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೌಂಟರಿಗೆ ಒಪ್ಪಿಸಿದ್ದ. ಇಲ್ಲಿನವರು ಮನಸ್ಸಿಗೆ ಬಂದರೆ ಬರಿಗಾಲಲ್ಲಿ ಅಡ್ಡಾಡುತ್ತಾರೆ, ಅಷ್ಟೇ. ಅದಕ್ಕೆ ಭಕ್ತಿ ಕಾರಣವಲ್ಲ ಎಂದು ಮಾರ್ಗರೆಟ್ ನಗುವನ್ನು ನುಂಗಿಕೊಂಡು ವಿವರಿಸಿದಳು.

ಮರುದಿನ ಪ್ರಯೋಗಾಲಯದಲ್ಲಿ, "ಬಾ, ಶೀಲಾಳನ್ನು ಪರಿಚಯಿಸುತ್ತೇನೆ" ಎಂದಳು. ನಮ್ಮ ಕಡೆಯವಳೊಬ್ಬಳು ಸಿಕ್ಕಳು, ಇನ್ನು ರೊಟ್ಟಿ ಪಲ್ಯಕ್ಕೆ ಚಿಂತೆಯಿಲ್ಲವೆಂದು ಖುಷಿಯಿಂದ ಹೋದೆ. ಶೀಲಾ ಒಂದು ಗಾಜಿನ ಹೂಜಿಯಲ್ಲಿ ತೇಲುತ್ತಿದ್ದಳು. ಹಸಿರು ಬಣ್ಣದ ಬೂಷ್ಟು. ಮಾರ್ಗರೆಟ್‌ಳ ವರ್ಷಗಳ ಸಾಕುಮಗಳು. ಇಲ್ಲಿನ ಆಡುಮಾತಿನಲ್ಲಿ ಶೀಲಾ ಎಂದರೆ ಬರೀ ಹೆಣ್ಣು ಎಂದರ್ಥವಂತೆ.

ಮೂರನೆಯ ವ್ಯಕ್ತಿ ನೀಲ್. ವಿಕಿರಣ ಸುರಕ್ಷತೆ ಅವನ ಜವಾಬ್ದಾರಿ. ಸೊಂಟದಲ್ಲಿ ಸದಾ ಅಳೆಯುವ ಯಂತ್ರ. ಸೀಸದ ಕಪಾಟಿನಿಂದ ಮೊನಜೈಟ್ ಮರಳಿನ ಬಟ್ಟಲು ತೆಗೆದು ಯಂತ್ರ ಹಿಡಿದ. ಬೆಲ್ಲದ ಪುಡಿಯಂಥ ಅಮಾಯಕ ಮರಳು. ಯಂತ್ರ ಮಾತ್ರ ಹುರಿಯುವ ಕಡಲೆ ಸಿಡಿದಂತೆ ಚಟಪಟ ಎಂದಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಇಷ್ಟೇ ಇದರ ಗಲಾಟೆ. ಉಸಿರಿಗೆ ಧೂಳು ಎಳೆದುಕೊಳ್ಳಬೇಡ, ಕೈ ತೊಳೆ, ಇಲ್ಲಿ ಊಟ ಮಾಡಬೇಡ" ಎಂದ ನೀಲ್. ನಮ್ಮ ಅಡುಗೆಮನೆಯ ನಿಯಮಗಳಿಗಿಂತ ಇವು ಸಲೀಸು.

ಕೆಲಸ ಶುರುವಾಯಿತು. ಮರಳನ್ನು ಒತ್ತಡದ ಹಬೆಯಲ್ಲಿ ಬೇಯಿಸಿ, ಅದರಲ್ಲಿದ್ದ ಸಕಲ ಜೀವಿಗಳನ್ನೂ ಕೊಂದು, ಸಕ್ಕರೆ ನೀರು ಹಾಕಿ, ಒಂದು ಹೂಜಿಗೆ ಶೀಲಾಳನ್ನೂ ಇನ್ನೊಂದಕ್ಕೆ ಕರೆವ್ವಳನ್ನೂ ಬಿಟ್ಟೆವು. ದಿನಗಳು ಕಳೆದವು. ಶೀಲಾಳ ನೀರಿನಲ್ಲಿ ಲೋಹ ಕರಗತೊಡಗಿತು. ನಮ್ಮ ಕರೆವ್ವ ಸಕ್ಕರೆ ತಿಂದು, ದಪ್ಪ ದುಪ್ಪಟಿಯಂತೆ ಹಬ್ಬಿ, ಹಾಯಾಗಿ ಮಲಗಿದಳು. ಮದುವೆಮನೆಗೆ ಬಂದ ಬೀಗಿತಿಯೂ ಇಷ್ಟು ಜಡವಾಗಿ ಕೂರುವುದಿಲ್ಲ.

"ಏನಾದರೂ ಕರಗಿದೆಯೇ?" ಎಂದು ಕೇಳಿದೆ.

"ಹೌದು, ಇಲ್ಲ" ಎಂದಳು ಮಾರ್ಗರೆಟ್. ಈ ಊರವರು ಹೀಗೆಯೇ, ಮೊದಲು ಹೌದು ಎಂದು ಮನಸ್ಸು ಮುರಿಯದಂತೆ ನೋಡಿಕೊಂಡು ಆಮೇಲೆ ಇಲ್ಲ ಎನ್ನುತ್ತಾರೆ. ಹೌದು ಇಲ್ಲ ಎಂದರೆ ಇಲ್ಲವೇ.

ಸ್ನಾನದ ಮನೆ

ಅಷ್ಟರಲ್ಲಿ ನನ್ನ ಕೂದಲು ಉದುರತೊಡಗಿತು. ಬಾಚಣಿಗೆಗೆ ಜೊಂಪೆ ಜೊಂಪೆ. ಶೈಲಜಾಳ ಪಿಸುಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಜೀವಿಗಳ ಪಾಠ ಹೇಳುವವಳು ನಾನು, ಇಷ್ಟು ಮರಳಿನಿಂದ ಹಾಗಾಗದೆಂದು ಚೆನ್ನಾಗಿ ಬಲ್ಲೆ. ಆದರೂ ಕನ್ನಡಿಯ ಮುಂದೆ ನಿಂತಾಗ ಪಾಠವೆಲ್ಲ ಮರೆತುಹೋಗುತ್ತದೆ.

ನಾಚಿಕೆ ಬಿಟ್ಟು ನೀಲ್‌ಗೆ ಹೇಳಿದೆ. ಅವನು ನಗಲಿಲ್ಲ. ಗಂಭೀರವಾಗಿ ನನ್ನ ತಲೆ, ಜಡೆ, ಬಾಚಣಿಗೆ ಎಲ್ಲಕ್ಕೂ ಯಂತ್ರ ಹಿಡಿದ. ಯಂತ್ರ ಮೌನ. ಸಾಲದೆಂದು ಮಾರ್ಗರೆಟ್‌ಳ ಮನೆಗೂ ಬಂದು, ಸ್ನಾನದ ಮನೆಯಲ್ಲಿ ಮಂಡಿಯೂರಿ, ನಲ್ಲಿಯಿಂದ ಮೋರಿಯವರೆಗೆ ಅಳೆದ. ಕೊನೆಗೆ ನಲ್ಲಿಯ ಬಾಯಿಗೆ ಅಂಟಿದ ಬಿಳಿ ಸುಣ್ಣವನ್ನು ಉಗುರಿನಿಂದ ಕೆರೆದು ತೋರಿಸಿದ.

"ಇದು ಅಪರಾಧಿ. ಗಡಸು ನೀರು. ನನಗೂ ಹೀಗೇ ಆಗಿದೆ" ಎಂದು ಟೊಪ್ಪಿಗೆ ತೆಗೆದ. ಪೂರ್ತಿ ಬೋಳು. ಅದು ನೀರಿನಿಂದ ಆದದ್ದೋ ವಯಸ್ಸಿನಿಂದ ಆದದ್ದೋ ಕೇಳುವ ಧೈರ್ಯ ನನಗಾಗಲಿಲ್ಲ.

ಅದೇ ಸಂಜೆ ಮಲ್ಲಿಕಾರ್ಜುನನ ಫೋನು ಬಂತು. ದನಿಯಲ್ಲಿ ತಮಾಷೆ ಇರಲಿಲ್ಲ. ರಜೆಯಲ್ಲಿ ಕಾಲೇಜಿನ ಕರೆಂಟು ಹೋಗಿ, ಫ್ರಿಜ್ಜಿನಲ್ಲಿ ನಾನಿಟ್ಟಿದ್ದ ಕರೆವ್ವಳ ಕೊಳವೆಗಳೆಲ್ಲ ಹಾಳಾಗಿದ್ದವು.

"ಭಾತಂಬ್ರಾಕ್ಕ ಹೋಗಿ ಹಟ್ಟಿ ಮಣ್ಣಾದ್ರೂ ತರ್ರಿ" ಎಂದೆ.

"ಮಾವಗ ಫೋನ್ ಮಾಡಿದ್ದೆ. ಅವರಿಗೇ ಕೇಳು."

ಕೂಡಲೇ ಊರಿಗೆ ಫೋನು ಹಚ್ಚಿದೆ. ಅಪ್ಪ ಹೆಮ್ಮೆಯಿಂದ ಉಬ್ಬಿದ್ದ. "ಹಟ್ಟಿಗಿ ಕಾಂಕ್ರೀಟ್ ಹಾಕ್ಸೀನಿ ನೋಡು! ಈಗ ಭಾರಿ ಸಾಫ್ ಅದ. ಒಂದು ಚಿಟಿಕಿ ಮಣ್ಣು ಕಾಣಂಗಿಲ್ಲ. ನೀ ಬಂದ್ರ ಖುಷಿ ಆಗ್ತಿ."

ಖುಷಿಯಾಯಿತೆಂದು ಹೇಳಿ ಫೋನಿಟ್ಟೆ. ಈಗ ಭೂಮಿಯ ಮೇಲೆ ಉಳಿದ ಕರೆವ್ವ ಎಂದರೆ ಪರ್ತ್‌ನ ಆ ಸೋಮಾರಿ ಒಬ್ಬಳೇ. ಅವಳಿಗೂ ಆಯುಷ್ಯ ಹೆಚ್ಚಿರಲಿಲ್ಲ. ಹೊರದೇಶದ ಜೀವಿಯಿಂದ ಉಪಯೋಗವಿಲ್ಲವೆಂದಾದರೆ ಪ್ರಯೋಗ ಮುಗಿದೊಡನೆ ಅದನ್ನು ಹಬೆಯಲ್ಲಿ ಬೇಯಿಸಿ ನಾಶ ಮಾಡಬೇಕೆಂಬುದು ಅಲ್ಲಿನ ನಿಯಮ. ಮಾರ್ಗರೆಟ್ ಅದನ್ನು ಬೇಸರದಿಂದಲೇ ಹೇಳಿದಳು, ಆದರೆ ಹೇಳಿದಳು. ಹೈದರಾಬಾದಿನಿಂದ ವಿಮಾನ ಹತ್ತುವಾಗ ಬಾರದ ಅಳು ಅವತ್ತು ಬೂಷ್ಟಿಗಾಗಿ ಬಂತು. ಯಾರಿಗೂ ಹೇಳುವಂತಿರಲಿಲ್ಲ.

ಕುರಿಗಳ ಸೀಮೆ

ನನ್ನ ಮುಖ ನೋಡಲಾಗದೆ ಮಾರ್ಗರೆಟ್ ರಜೆಯ ದಿನ ತನ್ನ ತಮ್ಮ ಗ್ರಹಾಂನ ಕುರಿ ಫಾರ್ಮಿಗೆ ಕರೆದೊಯ್ದಳು. ಕಾರಿನಲ್ಲಿ ಗಂಟೆಗಟ್ಟಲೆ ಹೋದರೂ ಒಂದು ಊರಿಲ್ಲ, ಒಬ್ಬ ಮನುಷ್ಯನಿಲ್ಲ. ಭಾಲ್ಕಿಯಿಂದ ಭಾತಂಬ್ರಾಕ್ಕೆ ಹೋಗುವಷ್ಟರಲ್ಲಿ ನಮ್ಮ ಜೀಪಿನಲ್ಲಿ ಮೂರು ಸಂಬಂಧ ಕುದುರಿ ಒಂದು ಜಗಳ ಮುಗಿದಿರುತ್ತದೆ.

ಗ್ರಹಾಂಗೆ ನಾನು ಕುರಿ ಸಾಕುವವರ ಮಗಳೆಂದು ತಿಳಿದದ್ದೇ ತಡ, ಪ್ರಶ್ನೆಗಳ ಮಳೆ ಸುರಿಸಿದ. ಅವನು ಕುರಿ ಕಾಯುವುದು ಮೋಟರ್ ಸೈಕಲ್ಲಿನ ಮೇಲೆ. ಉಳಿದ ಕೆಲಸ ನಾಯಿಯದು.

"ನಿಮ್ಮ ಅಪ್ಪ ಯಾವುದರ ಮೇಲೆ ಹೋಗುತ್ತಾರೆ?"

"ಕಾಲ ಮೇಲೆ" ಎಂದೆ. ಅವನು ಬಹಳ ಹೊತ್ತು ಅದನ್ನು ಮೆಚ್ಚಿಕೊಂಡ.

ಬೇಲಿಯ ಒಳಗೆ ಒಂದೇ ಒಂದು ಕುರಿ ನಿಂತಿತ್ತು. ಗೊರಸಿನ ಗಾಯಕ್ಕೆ ಔಷಧಿ ಹಚ್ಚಲೆಂದು ಬೇರೆ ಕಟ್ಟಿದ್ದ. ಮುಂದೆ ಹುಲ್ಲಿನ ರಾಶಿ, ಅದು ಬಾಯಿ ಹಾಕುತ್ತಿಲ್ಲ. "ಒಂಟಿಯಾದರೆ ಇವು ಹೀಗೇ" ಎಂದು ಗ್ರಹಾಂ ಇನ್ನೆರಡು ಕುರಿಗಳನ್ನು ಒಳಗೆ ಬಿಟ್ಟ. ನಾವು ಚಹಾ ಮುಗಿಸುವಷ್ಟರಲ್ಲಿ ಅದು ತಲೆ ಬಗ್ಗಿಸಿ ಮೇಯುತ್ತಿತ್ತು. ಇದು ನನಗೆ ಹೊಸದಲ್ಲ. ನಮ್ಮ ಹಟ್ಟಿಯಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಹೊಸದೆಂದರೆ, ಅದನ್ನು ನೋಡುತ್ತ ನಾನು ಬೂಷ್ಟಿನ ವಿಷಯ ಯೋಚಿಸಿದ್ದು.

ಕರೆವ್ವ ಹುಟ್ಟಿ ಬೆಳೆದದ್ದು ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆ. ನಾವೋ ಮರಳನ್ನು ಬೇಯಿಸಿ, ನೆರೆಹೊರೆಯವರನ್ನೆಲ್ಲ ಕೊಂದು, ಅವಳನ್ನು ಗಾಜಿನ ಮನೆಯಲ್ಲಿ ಕೂರಿಸಿದ್ದೆವು. ಕಡಲಮರಳಿನಲ್ಲೂ ಅದರದೇ ಬ್ಯಾಕ್ಟೀರಿಯಾಗಳಿರುತ್ತವೆ, ಅವಕ್ಕೂ ಆ ಕಲ್ಲಿನೊಡನೆ ಏಗಿ ಗೊತ್ತು. ಅವನ್ನು ಕೊಲ್ಲದೆ ಬಿಟ್ಟರೆ?

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ. "ಮುಂದಿನ ಸಲ ಮರಳನ್ನು ಬೇಯಿಸದೆ ಹಾಕೋಣವೇ?"

ಮಾರ್ಗರೆಟ್ ಕಾರನ್ನು ರಸ್ತೆಯ ಬದಿಗೇ ನಿಲ್ಲಿಸಿದಳು. "ಹೌದು, ಇಲ್ಲ! ಅದಕ್ಕೆ ಕಲಬೆರಕೆ ಎನ್ನುತ್ತಾರೆ."

"ನಮ್ಮ ಕಡೆ ಸಂಸಾರ ಎನ್ನುತ್ತಾರೆ" ಎಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ವಿಜ್ಞಾನಿಯ ಮುಖ ಹಾಕಿಕೊಂಡು ಷರತ್ತು ಇಟ್ಟಳು. ಬೇಯಿಸದ ಮರಳಿನಲ್ಲಿ ಕರೆವ್ವ ಒಂದು ಕಡೆ, ಶೀಲಾ ಒಂದು ಕಡೆ, ಯಾವ ಬೂಷ್ಟೂ ಇಲ್ಲದ ಬರೀ ಮರಳು ಇನ್ನೊಂದು ಕಡೆ. ಕೀರ್ತಿ ಯಾರದೆಂದು ಸ್ಪಷ್ಟವಾಗಬೇಕು. "ಇದೂ ಆಗದಿದ್ದರೆ ನಿನ್ನ ಕರೆವ್ವಳಿಗೆ ಹಬೆಯೇ ಗತಿ" ಎಂದಳು.

ಮತ್ತೆ ಪ್ರಯೋಗಾಲಯ

ಮೊದಲ ಕೆಲವು ದಿನ ನಮ್ಮ ಹೂಜಿ ನೋಡಲು ಅಸಹ್ಯವಾಗಿತ್ತು. ನೀರು ರಾಡಿ, ಮೇಲೆ ಲೋಳೆ, ವಾಸನೆ ಬೇರೆ. ಮುಚ್ಚಳ ತೆಗೆದಾಗಲೆಲ್ಲ ಮಾರ್ಗರೆಟ್ ಮೂಗು ಮುಚ್ಚುತ್ತಿದ್ದಳು. ನನಗೆ ಮಾತ್ರ ಸ್ವಲ್ಪ ತವರಿನ ವಾಸನೆ ಬಂದಂತಾಗುತ್ತಿತ್ತು. ಕರೆವ್ವಳ ದುಪ್ಪಟಿ ಈಗ ತೇಲುತ್ತಿರಲಿಲ್ಲ. ಚಿಕ್ಕ ಚಿಕ್ಕ ಉಂಡೆಗಳಾಗಿ ಮರಳಿಗೆ ಇಳಿದು, ಒಂದೊಂದು ಕಾಳನ್ನೂ ಹಿಡಿದು ಕೂತಿದ್ದಳು.

ಅಳತೆಯ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಹತ್ತನೆಯ ತರಗತಿಯ ಫಲಿತಾಂಶಕ್ಕೂ ನಾನು ಹೀಗೆ ಹೆದರಿರಲಿಲ್ಲ. ಮಾರ್ಗರೆಟ್ ಹೊರಬಂದು ಮತ್ತೆ ಒಳಗೆ ಹೋದಳು. ಯಂತ್ರ ಕೆಟ್ಟಿದೆ ಎಂದು ಇನ್ನೊಮ್ಮೆ ಅಳೆಸಿದಳು. ಮೂರನೆಯ ಸಲ ತಾನೇ ಕೈಯಾರೆ ಅಳೆದಳು.

ಬರೀ ಮರಳಿನ ನೀರಿನಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಶೀಲಾಳಿಗೆ ಪರರ ಸಹವಾಸ ಒಗ್ಗಿರಲಿಲ್ಲ, ಬ್ಯಾಕ್ಟೀರಿಯಾಗಳ ಗದ್ದಲದಲ್ಲಿ ಮುದುಡಿಹೋಗಿದ್ದಳು. ಕರೆವ್ವಳ ನೀರಿನಲ್ಲಿ ಮಾತ್ರ ವಿರಳ ಲೋಹ ತುಂಬಿತ್ತು, ಶೀಲಾ ಒಂಟಿಯಾಗಿದ್ದಾಗ ತೆಗೆದದ್ದಕ್ಕಿಂತಲೂ ಹೆಚ್ಚು. ನೀಲ್ ತನ್ನ ಯಂತ್ರವನ್ನು ಮೊದಲು ತಳದಲ್ಲಿ ಉಳಿದ ಮರಳಿಗೆ ಹಿಡಿದ. ಚಟಪಟ ಜೋರಾಗಿ ಕೇಳಿತು. ಸೋಸಿದ ನೀರಿನ ಬಳಿ ಅದು ಅಪರೂಪಕ್ಕೊಮ್ಮೆ ಟಿಕ್ ಎಂದಿತು. ಬೇರೆ ಅಳತೆಗಳೂ ಅದನ್ನೇ ಹೇಳಿದವು. ಥೋರಿಯಂ ಬಹುಪಾಲು ಮರಳಿನಲ್ಲೇ ಉಳಿದಿತ್ತು. ಬೇಕಾದ್ದು ಹೊರಗೆ, ಬೇಡವಾದ್ದು ಒಳಗೆ. ಕಾರ್ಖಾನೆ ನಡೆಸುವಷ್ಟು ಪ್ರಮಾಣವೇನಲ್ಲ, ಒಂದು ಹೂಜಿಯ ಕತೆ. ಆದರೆ ಆ ಒಂದು ಹೂಜಿ ಕರೆವ್ವಳ ಜೀವ ಉಳಿಸಿತು.

"ಕೆಟ್ಟದಾಗೇನೂ ಇಲ್ಲ" ಎಂದಳು ಮಾರ್ಗರೆಟ್.

ಇಷ್ಟೇನಾ ಎಂದು ನನ್ನ ಮೋರೆ ಇಳಿಯಿತು. ಬೀದರಿನಲ್ಲಿ ಊಟಕ್ಕೆ ಕರೆದವರ ಮನೆಯಲ್ಲಿ ಅಡುಗೆ ಕೆಟ್ಟದಾಗೇನೂ ಇಲ್ಲ ಎಂದು ಹೇಳಿ ನೋಡಿ, ಮತ್ತೆಂದೂ ಕರೆಯುವುದಿಲ್ಲ. ನೀಲ್ ಕಿವಿಯಲ್ಲಿ ಹೇಳಿದ, "ನಾನು ಸೇರಿದಾಗಿನಿಂದ ಅವಳ ಬಾಯಲ್ಲಿ ಇಷ್ಟು ದೊಡ್ಡ ಹೊಗಳಿಕೆ ಕೇಳಿಲ್ಲ."

ಹೊರಡುವ ವಾರ, ಕರೆವ್ವಳ ಒಂದು ಕೊಳವೆ ಕೊಡಿ, ಊರಿಗೆ ಒಯ್ಯುತ್ತೇನೆ ಎಂದೆ. ಆಗ ಗೊತ್ತಾಯಿತು, ಹಾಗೆಲ್ಲ ಒಯ್ಯುವಂತಿಲ್ಲ. ಈಗ ಅವಳು ವಿಕಿರಣದ ಮರಳಿನಲ್ಲಿ ಬಾಳಿದವಳು, ಇಲ್ಲಿನ ಬ್ಯಾಕ್ಟೀರಿಯಾಗಳೊಡನೆ ಬೆರೆತವಳು. ಭಾರತಕ್ಕೆ ಬರಬೇಕಾದರೆ ಪರದೇಶದ ಜೀವಿಯೆಂದೇ ಹೊಸದಾಗಿ ಅನುಮತಿ ಬೇಕು, ಅದು ಯಾವ ಕಾಲಕ್ಕೆ ಸಿಗುವುದೋ. ಮಾರ್ಗರೆಟ್ ನನ್ನ ಭುಜ ತಟ್ಟಿ, "ಚೆನ್ನಾಗಿ ನೋಡಿಕೊಳ್ಳುತ್ತೇನೆ" ಎಂದಳು. ಶೀಲಾಳ ಪಕ್ಕದಲ್ಲೇ ಕರೆವ್ವಳಿಗೆ ಜಾಗ ಮಾಡಿಕೊಟ್ಟಳು. ಗಾಜಿಗೆ ಬೆರಳು ತಾಗಿಸಿ ಹೊರಟುಬಂದೆ.

ಔರಾದ್

ಬೀದರಿಗೆ ಬಂದು ದಣಿವಾರುವ ಮುಂಚೆಯೇ ಔರಾದಿನ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರತ್ತೆ ಗುಂಡಮ್ಮನ ಮನೆ. ಅವಳದೂ ಕುರಿ ಬದುಕು, ಪುಣ್ಯಕ್ಕೆ ಅವಳ ಹಟ್ಟಿಗೆ ಇನ್ನೂ ಕಾಂಕ್ರೀಟ್ ಬಂದಿರಲಿಲ್ಲ. ನಾನು ಹಟ್ಟಿಯ ಮೂಲೆಯಲ್ಲಿ ಕೂತು ಚಮಚದಿಂದ ಮಣ್ಣು ಕೆದರಿ ಪೊಟ್ಟಣಕ್ಕೆ ತುಂಬುತ್ತಿದ್ದರೆ, ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

"ಮತ್ತ್ಯಾಕವ್ವ ಮಣ್ಣು? ಮೊದಲಿಂದು ಎಲ್ಲಿ ಹೋಯ್ತು?"

"ಅದು ಅಲ್ಲೇ ಉಳೀತು ಅತ್ತಿ."

"ಅಲ್ಲೇ? ಒಂದೇ ಅದ ಏನು?"

"ಇಲ್ಲ, ಅಲ್ಲಿನವರ ಜೋಡಿ ಕೂಡ್ಯಾದ. ಛಲೋ ಕೆಲಸ ಮಾಡ್ಲಿಕತ್ತದ."

ಅತ್ತೆ ಸೊಂಟದಿಂದ ಕೈ ತೆಗೆದಳು. "ಅಲ್ಲೇ ಸಂಬಂಧ ಬೆಳಸ್ಯಾದಂದ್ರ ಇನ್ನ ತಿರುಗಿ ಬರಂಗಿಲ್ಲ, ಬಿಡು" ಎಂದು ತೀರ್ಪು ಕೊಟ್ಟು ಚಹಾ ಇಡಲು ಹೋದಳು.

ಆ ಮಣ್ಣನ್ನು ಕಾಲೇಜಿನಲ್ಲಿ ತಟ್ಟೆಗಳಿಗೆ ಹಾಕಿದೆ. ಅಂದಿನಿಂದ ಅತ್ತೆ ದಿನವೂ ಸಂಜೆ ಫೋನು ಮಾಡಿ, ಬಾಣಂತಿಯ ಸುದ್ದಿ ವಿಚಾರಿಸುವ ದನಿಯಲ್ಲಿ, "ಹುಟ್ಟಿತೇನು?" ಎಂದು ಕೇಳತೊಡಗಿದಳು. ಕೊನೆಗೊಂದು ದಿನ ತಟ್ಟೆಯ ಮೇಲೆ ಹಳದಿ, ಬಿಳಿ, ನೀಲಿ, ಬೂದು ಬಣ್ಣದ ಚುಕ್ಕೆಗಳು ಮೂಡಿದವು. ಒಂದು ಬೂಷ್ಟಿನ ಸುತ್ತ ರಂಜಕ ಕರಗಿ ತಿಳಿಯಾದ ಉಂಗುರವೂ ಕಾಣಿಸಿತು. ಕುಣಿಯುವಷ್ಟು ಖುಷಿಯಾಗಿ ನಾನೇ ಅತ್ತೆಗೆ ಫೋನು ಹಚ್ಚಿದೆ.

"ಹುಟ್ಟ್ಯಾವ ಅತ್ತಿ! ಒಂದಂತೂ ಭಾರಿ ಹುಷಾರ್ ಅದ."

"ಹೌದಾ?" ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, ಯಾರೂ ಕೇಳಬಾರದೆಂಬಂತೆ ಹೇಳಿದಳು. "ಹಂಗಾದ್ರ ಅದಕ್ಕ ಹುಷಾರ್ ಅದ ಅಂತ ಯಾರ ಮುಂದೂ ಹೇಳಬ್ಯಾಡ. ವೀಸಾ ಬಂದುಬಿಡ್ತದ."